ಸೋಮವಾರ ಹೊರಟ ಜೀಪು

ಮಣ್ಣೂರಿನ ಜಗದೇವಪ್ಪಗೌಡರ ಜೀಪೆಂದರೆ ಅಂತಿಂಥ ಜೀಪಲ್ಲ. ಹೈದರಾಬಾದಿನ ಯಾವುದೋ ನವಾಬರ ಮನೆಯಿಂದ ಕೊಂಡು ತಂದದ್ದು. ಒಳಗೆ ಮಖಮಲ್ಲಿನ ಸೀಟು, ಕಿಟಕಿಗೆ ಪರದೆ, ಎದುರಿಗೊಂದು ಪುಟ್ಟ ಫ್ಯಾನು. ಅಫಜಲಪುರ ತಾಲೂಕಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಗೌಡರು ಅದಕ್ಕೆ ಬಸವ ಎಂದು ಹೆಸರಿಟ್ಟು, ಮೂತಿಗೆ ವಿಭೂತಿ ಬಳಿದು, ಮನೆಯ ಎತ್ತುಗಳ ಕಟ್ಟಳೆಯನ್ನೇ ಅದಕ್ಕೂ ಹಾಕಿದ್ದರು. ಸೋಮವಾರ ಎತ್ತಿನ ಹೆಗಲಿಗೆ ನೊಗವಿಲ್ಲ, ಜೀಪಿಗೆ ಕೀಲಿಯಿಲ್ಲ. ಊರೆಲ್ಲ ಗೌಡರ ಭಕ್ತಿಯನ್ನು ಕೊಂಡಾಡಿತು. ಕೊಂಡಾಡುವವರ ಗಂಟೇನು ಹೋಗುತ್ತದೆ?

ಈಗ ಬಸವನಿಗೂ ಮುಪ್ಪು ಬಂದಿತ್ತು. ಏರಿನಲ್ಲಿ ಏದುಸಿರು, ಇಳಿಜಾರಿನಲ್ಲಿ ಬ್ರೇಕಿನ ಭಯ. ಅದೇ ಹೊತ್ತಿಗೆ ಸುಮೋ ಗಾಡಿಗಳು ಗುಲಬರ್ಗಾದ ರಸ್ತೆಗೆ ಇಳಿದಿದ್ದವು. ಹಳೆಯದು ಕೊಟ್ಟು ಹೊಸದು ಒಯ್ಯಿರಿ ಎಂದು ಅಲ್ಲಿಯ ಏಜೆಂಟನೊಬ್ಬ ಗೌಡರ ಬೆನ್ನು ಬಿದ್ದ. ಗೌಡರದ್ದು ಎರಡು ದೋಣಿಯ ಮೇಲೆ ಕಾಲು. ಬೆಳಿಗ್ಗೆ ಜೀಪಿನ ಮೈ ಸವರುತ್ತ, "ಮುದಿ ಎತ್ತು ಯಾರಾದ್ರೂ ಕಟುಕರ ಕೈಗಿ ಕೊಡ್ತಾರೇನು?" ಎನ್ನುವರು. ಸಂಜೆ ಅತನೂರಿನ ನಾಗಣ್ಣನ ಹೊಸ ಸುಮೋ ಕಂಡು ಬಂದು, "ಎಷ್ಟಂದ್ರೂ ಹಳೇ ಕಬ್ಬಿಣ, ತೆಗದ್ರ ಛಲೋ" ಎನ್ನುವರು.

ಹೆಂಡತಿ ಗುರುಶಾಂತಮ್ಮ ಮಾತ್ರ ಒಂದು ಮಾತೂ ಆಡಲಿಲ್ಲ. ಹೋಗಲಿ, ಪೀಡೆ ತೊಲಗಲಿ ಎಂದೇ ಅವಳ ಮನಸ್ಸಿನಲ್ಲಿತ್ತು. ಆ ಮಖಮಲ್ಲಿನ ಸೀಟಿನಲ್ಲಿ ಅವಳು ಕೂಡುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಜೀಪು ಬಂದ ಹೊಸದರ ಮಾತು. ಅವರ ಹೊಲಕ್ಕೆ ಬರುವ ಸಕ್ಕುಬಾಯಿಗೆ ಚೊಚ್ಚಲ ಹೆರಿಗೆಯ ಬ್ಯಾನಿ ಎದ್ದಿತ್ತು. ಕೂಸು ಅಡ್ಡ ತಿರುಗಿದೆ, ಅಫಜಲಪುರದ ದವಾಖಾನೆಗೆ ಒಯ್ಯಲೇಬೇಕು ಎಂದು ಸೂಲಗಿತ್ತಿ ಕೈಚೆಲ್ಲಿದ್ದಳು. ಸಕ್ಕುಬಾಯಿಯ ಗಂಡ ಧರ್ಮಣ್ಣ ಓಡಿ ಬಂದು ಅಂಗಳದಲ್ಲಿ ಕೈಮುಗಿದು ನಿಂತ. ಲಿಂಗಪೂಜೆಗೆ ಕುಳಿತಿದ್ದ ಗೌಡರು ಕಣ್ಣು ಸಹ ತೆರೆಯಲಿಲ್ಲ. "ಇವತ್ತ ಸೋಮವಾರ. ಬಸವಣ್ಣನ್ನ ಹೊರಗ ತೆಗ್ಯೂದಿಲ್ಲ" ಎಂದರು. ಗುರುಶಾಂತಮ್ಮ ಸೆರಗೊಡ್ಡಿ ಬೇಡಿದಳು. "ಹೆಣಮಕ್ಕಳಿಗೇನು ತಿಳೀತದ ನೇಮ" ಎಂದು ಅವಳ ಬಾಯಿ ಮುಚ್ಚಿಸಿದರು. ಸಕ್ಕುಬಾಯಿಯನ್ನು ಹೊರಸಿನ ಮೇಲೆ ಹಾಕಿ ನಾಲ್ಕು ಜನ ಹೊತ್ತೊಯ್ದರು. ಕೂಸು ದಾರಿಯಲ್ಲೇ ಹೋಯಿತು. ಆಮೇಲೆ ಅವಳು ಮತ್ತೆ ಬಸಿರಾಗಲೇ ಇಲ್ಲ.

ಕಡೆಗೊಮ್ಮೆ ಏಜೆಂಟನೇ ಮಣ್ಣೂರಿಗೆ ಬಂದ. ಜೀಪಿನ ಸುತ್ತ ತಿರುಗಿ, ಚಹಾ ಕುಡಿದು, "ಸೋಮವಾರ ಮಧ್ಯಾಹ್ನದೊಳಗ ಗಾಡಿ ನಮ್ಮ ಅಂಗಡಿ ಮುಂದ ನಿಂದರಬೇಕ್ರಿ ಗೌಡ್ರ. ಆಮ್ಯಾಲ ಈ ಸವಲತ್ತು ಇಲ್ಲ" ಎಂದ.

"ತರ್ತೇನಿ" ಎಂದುಬಿಟ್ಟರು ಗೌಡರು. ಒಂದು ಗಳಿಗೆ ಯೋಚಿಸಲೂ ಇಲ್ಲ.

ಬಾಗಿಲ ಮರೆಯಲ್ಲಿದ್ದ ಗುರುಶಾಂತಮ್ಮನಿಗೆ ಮೈಗೆ ಬೆಂಕಿ ಬಿದ್ದಂತಾಯಿತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ! ಏಜೆಂಟ ಅತ್ತ ಹೋದದ್ದೇ ತಡ, ಗಂಡನೆದುರು ಬಂದು ನಿಂತಳು.

"ಅಂದು ಸೋಮವಾರ ಅದ ರೀ."

"ಇರಲಿ ಬಿಡಬೇ. ಮಷೀನಿಗಿ ಎಲ್ಲಿ ವಾರ, ಎಲ್ಲಿ ತಿಥಿ?"

"ಮಷೀನ? ಸಕ್ಕುಬಾಯಿ ಬ್ಯಾನಿ ತಿನ್ನೂ ಮುಂದ ಇದು ಬಸವಣ್ಣ ಆಗಿತ್ತು. ಸುಮೋ ಬರೂ ಮುಂದ ಮಷೀನ ಆತೇನು? ನಿಮ್ಮ ದೇವರು ನಿಮ್ಮ ಅನುಕೂಲ ನೋಡಿ ಬರ್ತಾನೇನ್ರೀ?"

"ಹಳೇದೆಲ್ಲ ಕೆದರಬ್ಯಾಡ!" ಎಂದು ಗೌಡರು ಗದರಿ ಹೆಗಲ ಮೇಲಿನ ಟಾವೆಲ್ ಝಾಡಿಸಿಕೊಂಡು ಎದ್ದು ಹೋದರು.

ಸೋಮವಾರ ಬೆಳಿಗ್ಗೆ ಗೌಡರು ಕೀಲಿ ತಿರುವುವ ಹೊತ್ತಿಗೆ ಗುರುಶಾಂತಮ್ಮ ಬಂದು ಪಕ್ಕದ ಸೀಟಿನಲ್ಲಿ ಕುಳಿತಳು. "ನಾನೂ ಬರ್ತೇನಿ" ಎಂದಳು. ಗೌಡರು ಬೇಡ ಎನ್ನಲಿಲ್ಲ. ಅಫಜಲಪುರದ ರಸ್ತೆ ಹಿಡಿಯಬೇಕಾದರೆ ಸಕ್ಕುಬಾಯಿಯ ಮನೆ ದಾಟಿಯೇ ಹೋಗಬೇಕು. ಅದು ಇಬ್ಬರಿಗೂ ಗೊತ್ತಿತ್ತು.

ಸಕ್ಕುಬಾಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಜೀಪಿನ ಸಪ್ಪಳ ಕೇಳಿದ್ದೇ ಮೊರ ಅಲ್ಲೇ ಒಗೆದು, ಬರಿಗಾಲಲ್ಲಿ ಓಡಿ ಬಂದು ರಸ್ತೆಗೆ ಅಡ್ಡ ನಿಂತಳು. ಗೌಡರು ಬ್ರೇಕು ಒತ್ತಲೇಬೇಕಾಯಿತು.

"ಯಾರಿಗೇನಾತ್ರೀ ಅವ್ವಾರ? ಸೋಮವಾರ ಗಾಡಿ ತೆಗದಾರಂದ್ರ ಯಾರ ಜೀವಕ್ಕ ಬಂದದ್ರೀ?"

ಅವಳ ದನಿಯಲ್ಲಿ ಕುಹಕ ಇರಲಿಲ್ಲ. ಬರೀ ಗಾಬರಿ ಇತ್ತು.

"ಹೇಳ್ರಿ, ಕೇಳಾಕತ್ತಾಳಲ್ಲ" ಎಂದಳು ಗುರುಶಾಂತಮ್ಮ ಗಂಡನಿಗೆ. ಗೌಡರು ಮುಖ ಆ ಕಡೆ ತಿರುಗಿಸಿದರು. ಅವಳೇ ಹೇಳಿದಳು: "ಯಾರಿಗೂ ಏನೂ ಆಗಿಲ್ಲ ಬೇ ಸಕ್ಕು. ಇದನ್ನ ಕೊಟ್ಟು ಹೊಸಾ ಗಾಡಿ ತರಾಕ ಹೊಂಟಾರ."

ಸಕ್ಕುಬಾಯಿ ಜೀಪನ್ನು ನೋಡಿದಳು, ಗೌಡರನ್ನು ನೋಡಿದಳು.

"ಅಂದ್ರ ಇದು ಸೋಮವಾರಾನೂ ನಡೀತದಲ್ರೀ" ಎಂದಳು. ಹಿಂದಿರುಗಿ ಹೋಗಿ ಚೆಲ್ಲಿದ ಜೋಳ ಬಳಿಯುತ್ತ ಕುಳಿತಳು.

ಗೌಡರು ಎಂಜಿನ್ ಬಂದ್ ಮಾಡಿದರು. ಕೀಲಿಯನ್ನು ಅಲ್ಲೇ ಬಿಟ್ಟರು. ಕೆಳಗಿಳಿದು, ತಲೆ ತಗ್ಗಿಸಿಕೊಂಡು ಮನೆಯ ಕಡೆ ನಡೆದರು. ಅಂದು ಜೀಪು ಸಕ್ಕುಬಾಯಿಯ ಮನೆಯ ಮುಂದೆಯೇ ನಿಂತಿತ್ತು. ಏಜೆಂಟ ಹೇಳಿದ ಹೊತ್ತು ಮೀರಿತು.

ಕೀಲಿ ಗುರುಶಾಂತಮ್ಮನ ಕೈಯಲ್ಲಿತ್ತು. ಅವಳು ಅದನ್ನು ಗೌಡರ ಕೋಣೆಗೆ ಒಯ್ಯಲಿಲ್ಲ. ಹೊರಗೆ ತಲಬಾಗಿಲ ಪಕ್ಕದ ಗೂಟಕ್ಕೆ, ಹೋಗುವವರು ಬರುವವರ ಕೈಗೆ ಎಟುಕುವ ಹಾಗೆ, ನೇತುಹಾಕಿದಳು.

"ಗಾಡಿ ಕೊಡೂದಿಲ್ಲ" ಎಂದಳು, ಪಡಸಾಲೆಯಲ್ಲಿ ಕುಳಿತ ಗಂಡನಿಗೆ ಕೇಳುವ ಹಾಗೆ. "ಯಾರ ಮನಿಯಾಗ ಬ್ಯಾನಿ ಎದ್ರೂ ಒಯ್ಲಿ. ಯಾವ ವಾರ ಅಂತ ಯಾರೂ ಕೇಳಬಾರದು."

ಯಾವ ವಾರ ಎಂದು ಗೌಡರೂ ಮುಂದೆಂದೂ ಕೇಳಲಿಲ್ಲ.