ತಟ್ಟೆಯಲ್ಲಿ ಬಂದ ಬರ

ಸರ್ವಮಂಗಳಾಗೆ ಆ ವಾರವೆಲ್ಲ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಚಾಮರಾಜಪೇಟೆಯ ಮನೆಯಲ್ಲಿ ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಪಡಸಾಲೆಗೆ ಅವಳು ತಿರುಗುವುದನ್ನು ನೋಡಿ ತಾಯಿ ಬಸವಮ್ಮ ದೃಷ್ಟಿ ನಿವಾಳಿಸಿದ್ದೂ ಆಯಿತು. ತಂದೆ ಪರಮಶಿವಯ್ಯ ಬಳೇಪೇಟೆಯ ತಮ್ಮ ಗ್ರಂಥಿಗೆ ಅಂಗಡಿಯಿಂದ ಪಿತ್ತಕ್ಕೆ ಒಳ್ಳೆಯದೆಂದು ಯಾವುದೋ ಬೇರು ತಂದು ಕಷಾಯ ಮಾಡಿಸಿದ್ದೂ ಆಯಿತು. ಹುಡುಗಿಗೆ ದೃಷ್ಟಿಯೂ ತಾಗಿರಲಿಲ್ಲ, ಪಿತ್ತವೂ ಏರಿರಲಿಲ್ಲ. ಅವಳನ್ನು ಕಾಡುತ್ತಿದ್ದದ್ದು ಕೆರೆಯ ಮಣ್ಣು.

ಅದು ಐವತ್ತೆರಡನೆಯ ಇಸವಿ. ಸರ್ವಮಂಗಳಾ ರಸಾಯನಶಾಸ್ತ್ರದಲ್ಲಿ ಆನರ್ಸ್ ಮುಗಿಸಿ ಒಂದು ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದಳು. ಕೆಲಸ ತಾತ್ಕಾಲಿಕ. ವರ್ಷ ಮುಗಿದೊಡನೆ ಮನೆಗೆ ಕಳಿಸಿಬಿಡುವಂಥದ್ದು. ಅಲ್ಲಿ ಭೂವಿಜ್ಞಾನದ ಪ್ರೊಫೆಸರಾಗಿದ್ದ ವರದರಾಜರಿಗೆ ಒಂದು ಹುಚ್ಚು. ಹಿಂದೆಂದೋ ಈ ನೆಲದ ಮೇಲೆ ಮಳೆ ಎಷ್ಟು ಬಿದ್ದಿತ್ತು ಎನ್ನುವುದನ್ನು ಕೆರೆಯ ಕೆಸರೇ ಹೇಳುತ್ತದೆ, ಕೇಳುವವರು ಬೇಕು ಅಷ್ಟೆ ಎನ್ನುತ್ತಿದ್ದರು. ಬೇಸಿಗೆಯಲ್ಲಿ ಕೆಂಪಾಂಬುಧಿ ಕೆರೆಯ ನೀರು ಹಿಂದಕ್ಕೆ ಸರಿದಾಗ ದಡದಲ್ಲಿ ಆಳವಾದ ಗುಂಡಿ ತೋಡಿಸಿ, ಪದರ ಪದರವಾಗಿ ಮಣ್ಣು ತೆಗೆಸಿದರು. ಎಲ್ಲಕ್ಕಿಂತ ಕೆಳಗಿನದು ಕೆರೆಗೂ ಮುಂಚಿನದು. ಯಾರೂ ಏರಿ ಕಟ್ಟುವ ಮೊದಲು ಅಲ್ಲಿದ್ದ ಜವುಗಿನ ಮಣ್ಣು.

ಅದರಲ್ಲಿ ನೋಡಬೇಕಾದದ್ದು ಸುಣ್ಣ. ಬಚ್ಚಲ ಹಂಡೆಯಲ್ಲಿ ಬಾವಿಯ ನೀರು ಕಾದು ಕಾದು ಇಂಗಿದರೆ ಒಳಗೆ ಬಿಳಿ ಹಕ್ಕಳೆ ಕಟ್ಟುತ್ತದಲ್ಲ, ನೆಲದ ಕಥೆಯೂ ಅದೇ. ಮಳೆ ಧಾರಾಳವಾಗಿ ಬಿದ್ದ ಕಾಲದಲ್ಲಿ ಮಣ್ಣಿನ ಸುಣ್ಣ ತೊಳೆದು ಹೋಗುತ್ತದೆ. ಮಳೆ ಕೈಕೊಟ್ಟ ಕಾಲದಲ್ಲಿ ನೀರು ಆರಿ ಸುಣ್ಣ ಉಳಿಯುತ್ತದೆ. ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ಆಸಿಡ್ ಹಾಕಿದರೆ ಸುಣ್ಣವಿದ್ದಷ್ಟು ಗುಳ್ಳೆ ಏಳುತ್ತದೆ. ಆ ಕೆಲಸವನ್ನು ವರದರಾಜರು ಸರ್ವಮಂಗಳಾಗೆ ಒಪ್ಪಿಸಿದ್ದರು. ತಳದ ಪದರದಲ್ಲಿ ಹೇಳಿಕೊಳ್ಳುವಂಥದ್ದು ಏನಾದರೂ ಸಿಕ್ಕರೆ ಪುಣೆಯ ಸಮ್ಮೇಳನದಲ್ಲಿ ಇಬ್ಬರ ಹೆಸರಿನಲ್ಲೂ ಪ್ರಬಂಧ ಓದುತ್ತೇನೆ, ಅದರ ಬಲದ ಮೇಲೆ ನಿನಗೆ ಸಂಶೋಧಕಿಯ ಜಾಗ ಕೊಡಿಸುತ್ತೇನೆ ಎಂದೂ ಹೇಳಿದ್ದರು. ಅವಳಿಗೆ ಜಗತ್ತಿನಲ್ಲಿ ಬೇರೇನೂ ಬೇಕಿರಲಿಲ್ಲ.

ಆಗ ಕಾಲೇಜಿನ ಪ್ರಯೋಗಶಾಲೆಯಲ್ಲೆಲ್ಲ ಪರೀಕ್ಷೆಗಳು. ಮಣ್ಣು ನೆರಳಿನಲ್ಲಿ ನಿಧಾನವಾಗಿ ಒಣಗಬೇಕು. ಹಾಗಾಗಿ ಸರ್ವಮಂಗಳಾ ಎಲ್ಲವನ್ನೂ ಜಟಕಾದಲ್ಲಿ ಹೇರಿಕೊಂಡು ಮನೆಗೆ ತಂದು ಮಹಡಿಯ ಕೋಣೆಯಲ್ಲಿ ಪಿಂಗಾಣಿ ತಟ್ಟೆಗಳಲ್ಲಿ ಹರವಿದಳು. ಯಾರೂ ಮುಟ್ಟಕೂಡದು ಎಂದು ಕಟ್ಟುನಿಟ್ಟು ಮಾಡಿದಳು. ಬಸವಮ್ಮ ಬಾಗಿಲಲ್ಲಿ ನಿಂತು, ಇವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದು ಎಂದು ಕೇಳಿದರು. ಮಗಳು ಕಿಟಕಿಯ ಪಕ್ಕದ ತಟ್ಟೆ ತೋರಿಸಿ, ನಮ್ಮ ಮುತ್ತಜ್ಜನ ಮುತ್ತಜ್ಜನಿಗೂ ಹಿಂದಿನದು ಎಂದಳು. ಹಾಗಾದರೆ ಒಂದು ಹೆಂಟೆ ದೇವರ ಮನೆಯಲ್ಲಿಡುತ್ತೇನೆ, ಎಷ್ಟು ಹಿರಿಯರು ತುಳಿದ ಮಣ್ಣೋ ಎಂದು ತಾಯಿ ಕೇಳಿದಾಗ ನಕ್ಕು ಕೊಟ್ಟಳು.

ಕಿಟಕಿಯ ತಟ್ಟೆಯ ಮಣ್ಣು ಒಣಗಿದಾಗ ಮೇಲೆ ಬೆಳ್ಳಗೆ ಪೊರೆ ಕಟ್ಟಿತ್ತು. ಒಳಗಿನ ಸುಣ್ಣ ಮೇಲಕ್ಕೆ ಉಕ್ಕಿ ಬಂದಿದೆ ಎಂದು ಸರ್ವಮಂಗಳಾ ಹಿಗ್ಗಿದಳು. ಕುಟ್ಟಿ ಪುಡಿ ಮಾಡಿ ಆಸಿಡ್ ಬಿಟ್ಟರೆ ಬುಸಬುಸನೆ ನೊರೆ. ಬೇರೆ ಯಾವ ತಟ್ಟೆಯಲ್ಲೂ ಇಷ್ಟಿರಲಿಲ್ಲ. ಕಾಲೇಜಿಗೆ ಒಯ್ದು ತೋರಿಸಿದಾಗ ವರದರಾಜರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಇದು ಸಾಮಾನ್ಯ ಬರವಲ್ಲ, ತಲೆಮಾರುಗಳನ್ನೇ ತಿಂದ ಬರ ಎಂದರು. ಆ ರಾತ್ರಿ ಊಟಕ್ಕೆ ಕೂತಾಗ ಅವಳು ಅದನ್ನೇ ಬಣ್ಣಿಸಿದಳು. ಬಡಿಸುತ್ತಿದ್ದ ಬಸವಮ್ಮನ ಕೈ ನಿಂತಿತು.

“ಪಾಪ, ಕುಡಿಯೋಕೆ ಏನ್ ಮಾಡಿದ್ರೋ,” ಎಂದರು.

ಮರುದಿನದಿಂದ ದೇವರ ಮನೆಯಲ್ಲಿ ಆ ಹೆಂಟೆಯ ಮುಂದೆ ಒಂದು ಪುಟ್ಟ ತಂಬಿಗೆ ನೀರು ಬಂತು. ದಿನವೂ ಹಳೆಯದನ್ನು ಮಲ್ಲಿಗೆ ಗಿಡಕ್ಕೆ ಚೆಲ್ಲಿ ಹೊಸದು ಇಡುವರು. ಎಂದೋ ಸತ್ತವರ ಬಾಯಾರಿಕೆಗೆ ಇವತ್ತು ನೀರಿಡುವ ತಾಯಿಯನ್ನು ಕಂಡು ಮಗಳಿಗೆ ಒಳಗೊಳಗೇ ನಗು.

ಆ ನಗು ಬಹಳ ದಿನ ಉಳಿಯಲಿಲ್ಲ. ವರದರಾಜರು ಪುಣೆಗೆ ಹೊರಡುವ ಮುನ್ನ ಎಲ್ಲವನ್ನೂ ಇನ್ನೊಮ್ಮೆ ನೋಡಿಬಿಡೋಣ ಎಂದು ಅವಳು ಅದೇ ಪುಡಿಯನ್ನು ಮತ್ತೆ ಪರೀಕ್ಷಿಸಿದಳು. ಸುಣ್ಣ ಮೊದಲಿಗಿಂತ ಕಡಿಮೆ ಬಂತು. ಮತ್ತೊಮ್ಮೆ ಮಾಡಿದರೆ ಸಿಕ್ಕಾಪಟ್ಟೆ ಜಾಸ್ತಿ. ಮಿಕ್ಕ ಪದರಗಳು ಎಷ್ಟು ಸಲ ಕೇಳಿದರೂ ಒಂದೇ ಮಾತು ಹೇಳುತ್ತಿದ್ದವು. ಈ ಒಂದು ಮಾತ್ರ ಚಿಟಿಕೆಗೊಂದು ಮಾತು ಹೇಳುತ್ತಿತ್ತು. ತಲೆಮಾರುಗಳ ಬರ ಬಿಟ್ಟುಹೋದ ಸುಣ್ಣ ಮಣ್ಣಿನ ಕಣಕಣದಲ್ಲೂ ಬೆರೆತಿರಬೇಕು, ಹೀಗೆ ಅಲ್ಲೊಂದು ಇಲ್ಲೊಂದು ಇರಬಾರದು. ಅವಳು ಆಸಿಡ್ ಬದಲಿಸಿದಳು, ಗಾಜಿನ ಕೊಳವೆ ಬದಲಿಸಿದಳು, ತನ್ನ ಕೈಯನ್ನೇ ಬೈದುಕೊಂಡಳು. ಪಡಸಾಲೆಯಿಂದ ಹಿತ್ತಲಿಗೆ ತಿರುಗಾಟ ಶುರುವಾದದ್ದು ಆಗಲೇ.

ಉತ್ತರ ಕೊಡೆಯ ರೂಪದಲ್ಲಿ ಬಂತು. ಪರಮಶಿವಯ್ಯ ಒಂದು ಸಂಜೆ ಹೊಸ ಕೊಡೆ ಕೊಂಡು ತಂದರು. ಮನೆಗೆ ಹೊಸದೇನು ಬಂದರೂ, ಅದು ಬಿಂದಿಗೆಯಾಗಲಿ ಗಡಿಯಾರವಾಗಲಿ, ಮೂರು ಬೆರಳಲ್ಲಿ ವಿಭೂತಿ ಎಳೆಯದೆ ಬಸವಮ್ಮ ಒಳಗೆ ಬಿಟ್ಟುಕೊಂಡವರೇ ಅಲ್ಲ. ಕರಿ ಬಟ್ಟೆಯ ಮೇಲೆ ಬೆಳ್ಳಗೆ ಮೂರು ಗೆರೆ ಬಿದ್ದದ್ದನ್ನು ನೋಡಿ ಪರಮಶಿವಯ್ಯ, ನಾಳೆ ಬಳೇಪೇಟೆಯಲ್ಲಿ ಎಲ್ಲರೂ ನನ್ನ ಕೊಡೆಗೇ ಕೈಮುಗಿಯುತ್ತಾರೆ ಎಂದು ಗೊಣಗಿದರು.

“ಹೊಸದಕ್ಕೆ ಇಡ್ಲೇಬೇಕು. ಮಂಗಳಾ ತಂದ, ಕಿಟಕಿ ಪಕ್ಕದ ತಟ್ಟೇಲಿದ್ದ ಆ ಹಳೇ ಮಣ್ಣಿಗೂ ಇಟ್ಟಿದ್ದೆ,” ಎಂದರು ಬಸವಮ್ಮ. “ಹಸೀ ಮಣ್ಣು, ಎಳೆದ್ರೆ ನಿಲ್ತಾನೇ ಇರ್ಲಿಲ್ಲ. ಆಮೇಲೆ ಒಂದು ಹಿಡಿ ಪುಡೀನೇ ಉದುರಿಸ್ಬಿಟ್ಟೆ.”

ಸರ್ವಮಂಗಳಾ ಕೂತೇಬಿಟ್ಟಳು. ತಾಯಿ ಏನೆಂದು ಕೇಳಿದರೆ ಏನಿಲ್ಲ ಎಂದಳು.

ಮರುದಿನ ಅಪ್ಪನ ಅಂಗಡಿಯ ವಿಭೂತಿಗಟ್ಟಿಯ ಚೂರನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಕಾಲೇಜಿಗೆ ಹೋದಳು. ಹುಟ್ಟಿದಂದಿನಿಂದ ಹಣೆಗೆ ಹಚ್ಚಿಕೊಂಡದ್ದರ ಮೇಲೆ ಆಸಿಡ್ ಬಿಟ್ಟಳು. ಬುಸಬುಸನೆ ನೊರೆ ಎದ್ದಿತು, ತಟ್ಟೆಯ ಮಣ್ಣಿನಲ್ಲಿ ಎದ್ದಂತೆಯೇ. ಮೊದಲು ಅಮ್ಮನ ಮೇಲೆ ಕೆಟ್ಟ ಸಿಟ್ಟು ಬಂತು. ಹೇಳಿದರೂ ಕೇಳಲಿಲ್ಲವಲ್ಲ ಎಂದು ಹಲ್ಲು ಕಡಿದಳು. ಆಮೇಲೆ, ವಿಭೂತಿ ಹಚ್ಚಿಕೊಂಡೇ ಬೆಳೆದವಳು ಎದುರಿಗೆ ಕಂಡ ವಿಭೂತಿಯನ್ನು ಬರ ಎಂದು ಓದಿದೆನಲ್ಲ ಎಂದು ತನ್ನ ಮೇಲೇ ನಾಚಿಕೆಯಾಯಿತು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಳೆ ಬಂದು ಗುಂಡಿ ನೀರಿನಡಿ ಹೋಗಿತ್ತು. ತಟ್ಟೆಯ ಮಣ್ಣೆಲ್ಲ ಪುಡಿಯಾಗಿತ್ತು. ವರದರಾಜರ ರೈಲು ಮಾರನೆಯ ಸಂಜೆಗೆ. ಬರ ನಿಜವಾಗಿಯೂ ಬಂದಿದ್ದರೂ ಬಂದಿರಬಹುದು, ವಿಭೂತಿ ಅದರ ಮೇಲೆ ಬಿದ್ದಿರಬಹುದು ಎಂದು ಮನಸ್ಸು ಒಂದು ದಾರಿ ತೋರಿಸಿತು. ಆ ದಾರಿ ಹಿಡಿದು ಯೋಚಿಸುತ್ತಲೇ ಅವಳಿಗೆ ದೇವರ ಮನೆಯ ಹೆಂಟೆ ನೆನಪಾಯಿತು. ಅದರ ಮೇಲೆಲ್ಲ ವಿಭೂತಿ. ಆದರೆ ಒಳಗೆ? ಒಡೆದರೆ ತಿಳಿಯುತ್ತಿತ್ತು. ಒಡೆಯಬೇಕಾದರೆ ಅಮ್ಮನಿಗೆ ಹೇಳಬೇಕಿತ್ತು.

ಒಂದು ಪುಟ್ಟ ಬಾಟಲಿ ಆಸಿಡ್ ಹಿಡಿದು ಮನೆಗೆ ಬಂದು ಎಲ್ಲವನ್ನೂ ಹೇಳಿದಳು. ಮೆತ್ತಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಬಾಯಿಗೆ ಬರಲಿಲ್ಲ. ಬಸವಮ್ಮನ ಮುಖ ಬಾಡಿತು.

“ನನ್ನ ಕೈಯಿಂದ ನಿನ್ನ ಕೆಲ್ಸ ಕೆಡ್ತಾ, ಮಂಗಳಾ?”

ಮಗಳು ಹೆಂಟೆಗೆ ಕೈ ಚಾಚಿದಳು. ತಾಯಿ ತಡೆದರು.

“ಪೂಜೆ ಮಾಡಿರೋದನ್ನ ನೀನು ಒಡೀಬೇಡ. ನಾನಿಟ್ಟಿದ್ದು, ನಾನೇ ಒಡೀತೀನಿ.”

ಕೈಮುಗಿದು, ಹೆಂಟೆಯನ್ನು ಹೊರಗೆ ತಂದು, ಕಾಯಿ ಒಡೆಯುವ ಕಲ್ಲಿನ ಮೇಲೆ ಕುಕ್ಕಿದರು. ಒಳಗಿನ ಮಣ್ಣು ಬೂದುಗಪ್ಪು. ಸರ್ವಮಂಗಳಾ ನಟ್ಟನಡುವಿನಿಂದ ಕೆರೆದು, ಪುಡಿ ಮಾಡಿ, ಆಸಿಡ್ ಬಿಟ್ಟಳು. ಮಣ್ಣು ಒದ್ದೆಯಾಯಿತು, ಅಷ್ಟೇ. ಒಂದು ಗುಳ್ಳೆಯೂ ಏಳಲಿಲ್ಲ. ಬಗ್ಗಿ ಕಿವಿಯಿಟ್ಟಳು. ಇನ್ನೊಂದು ಕಡೆಯಿಂದ ಕೆರೆದು ನೋಡಿದಳು. ಮಣ್ಣು ತೆಪ್ಪಗಿತ್ತು. ತಾಯಿಗೆ ಒಂದು ಮಾತೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಬಸವನಗುಡಿಯಲ್ಲಿದ್ದ ವರದರಾಜರ ಮನೆಗೆ ಹೊರಟಳು.

ವರದರಾಜರು ಪೆಟ್ಟಿಗೆ ತುಂಬುತ್ತಿದ್ದರು. ಅವಳು ನಿಂತೇ ಹೇಳಿದಳು.

“ಸಾರ್, ಆ ತಟ್ಟೇಲಿದ್ದದ್ದು ಕೆರೆ ಸುಣ್ಣ ಅಲ್ಲ. ನಮ್ಮನೆ ವಿಭೂತಿ.”

ಅವರು ಮೊದಲು ನಂಬಲಿಲ್ಲ, ಆಮೇಲೆ ರೇಗಿದರು, ಒಂದು ಹೆಂಟೆಯ ಮಾತು ಹಿಡಿದುಕೊಂಡು ಇಷ್ಟು ಕೆಲಸ ಬಿಸಾಡುವುದೇ ಎಂದು ವಾದಿಸಿದರು. ಕೊನೆಗೆ ಪೆಟ್ಟಿಗೆಯಿಂದ ಪ್ರಬಂಧ ತೆಗೆದು ಮೇಜಿನ ಮೇಲಿಟ್ಟರು. ಬರ ಸಿಕ್ಕಿದ್ದರೆ ನಾಲ್ಕು ಜನ ಕಿವಿಗೊಡುತ್ತಿದ್ದರು, ಮಳೆ ಚೆನ್ನಾಗಿತ್ತು ಎಂದರೆ ಯಾರಿಗೆ ಬೇಕು ಎಂದರು. ಬೇಸಿಗೆ ಬರಲಿ, ಮತ್ತೆ ಅಗೆಯೋಣ ಎಂದು ಸಮಾಧಾನವನ್ನೂ ಹೇಳಿದರು. ಆ ಬೇಸಿಗೆಯ ಹೊತ್ತಿಗೆ ಅವಳು ಕಾಲೇಜಿನಲ್ಲಿ ಇರುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಸಂಶೋಧಕಿಯ ಜಾಗದ ಮಾತನ್ನು ಅವರು ಎತ್ತಲಿಲ್ಲ, ಇವಳೂ ಕೇಳಲಿಲ್ಲ.

ವಾಪಸು ಬರುವಾಗ ಅವಳು ಎಷ್ಟು ಬಿರುಸಾಗಿ ನಡೆದಳೆಂದರೆ ಎದುರಿಗೆ ಬಂದವರು ತಾವೇ ದಾರಿ ಬಿಟ್ಟರು. ಇಷ್ಟೆಲ್ಲ ಆದಮೇಲೂ ಎದೆಯ ಒಂದು ಮೂಲೆ, ಒಂದು ಗುಳ್ಳೆಯಾದರೂ ಎದ್ದಿದ್ದರೆ ಎಂದು ಹಲುಬುತ್ತಿತ್ತು.

ಬಸವಮ್ಮ ಜಗಲಿಯಲ್ಲೇ ಕಾದಿದ್ದರು. ಜಾಗ ಹೋಯಿತೆ ಎಂದು ಕೇಳುತ್ತಾರೆಂದು ಸರ್ವಮಂಗಳಾ ಗಟ್ಟಿಯಾಗಿ ನಿಂತಳು.

“ಅಂದ್ರೆ, ಬರ ಬಂದಿರ್ಲಿಲ್ವಾ?” ಎಂದರು ಬಸವಮ್ಮ.

“ಇಲ್ಲಮ್ಮ. ಮಳೆ ಚೆನ್ನಾಗೇ ಆಗ್ತಿತ್ತು ಅಂತ ಕಾಣತ್ತೆ.”

“ಅವ್ರಿಗೆಲ್ಲ ನೀರಿತ್ತು?”

“ಇತ್ತು.”

ಬಸವಮ್ಮ ಕಣ್ಣು ಮುಚ್ಚಿ ಉಸಿರು ಬಿಟ್ಟರು. “ಸದ್ಯ. ಇಷ್ಟು ದಿನದಿಂದ ಅದೇ ಸಂಕಟ ಆಗಿತ್ತು ನಂಗೆ.”

ಸರ್ವಮಂಗಳಾ ಜಗಲಿಯ ಮೇಲೆ ಕುಸಿದು ಕೂತಳು. ತಾನು ಈ ಬೇಸಿಗೆಯಿಂದ ಹಗಲೂ ಇರುಳೂ ಬೇಡಿಕೊಂಡದ್ದು ಆ ಜನಕ್ಕೆ ನೀರು ಸಿಗದಿರಲಿ ಎಂದಲ್ಲವೇ? ಈಗಷ್ಟೇ ಬಸವನಗುಡಿಯಿಂದ ಬರುವ ದಾರಿಯಲ್ಲೂ ಬೇಡಿದ್ದು ಅದನ್ನೇ. ಅಳು ಬಂತು, ಅಳುವಿನ ನಡುವೆಯೇ ಕೊಡೆಯ ಮೇಲಿನ ಮೂರು ಗೆರೆ ನೆನಪಾಗಿ ನಗುವೂ ಬಂತು. ಬಸವಮ್ಮ ಒಳಗೆ ಹೋಗಿ ದೇವರ ಮನೆಯ ಪುಟ್ಟ ತಂಬಿಗೆ ತಂದು ಮಗಳ ಕೈಗಿಟ್ಟರು.

“ಇನ್ನು ಅವ್ರಿಗೆ ಬೇಡ. ನೀನು ಕುಡಿ, ಅಷ್ಟು ದೂರದಿಂದ ನಡ್ಕೊಂಡ್ ಬಂದಿದೀಯ.”

ಅವಳು ತಂಬಿಗೆ ಎತ್ತಿ ಒಂದು ಹನಿಯೂ ಉಳಿಯದಂತೆ ಕುಡಿದಳು.