ಟ್ಯಾಂಕಿನ ಮುಚ್ಚಳ

ಅಳಿಯ ಸ್ಟೀರಿಂಗ್ ಹಿಡಿದು ಆರಾಮಾಗಿ ಕೂತಿದ್ದ. ನನ್ನ ಮಗಳು ಹಿಂದಿನಿಂದ ಕಾರು ತಳ್ಳುತ್ತಾ ನನ್ನ ರಿಪೇರಿ ಶೆಡ್ಡಿನೊಳಗೆ ಬಂದಳು, ಒಂದೇ ಕೈಯಲ್ಲಿ. ಇನ್ನೊಂದು ಕೈಯ ಮಣಿಕಟ್ಟು ಊದಿಕೊಂಡಿತ್ತು.

"ನೋಡಿ ಅತ್ತೆ, ನಿಮ್ಮ ಮಗಳ ಘನಕಾರ್ಯ." ಅವನು ಬಾಗಿಲು ಒದ್ದು ಇಳಿದ. "ನಮ್ಮಪ್ಪನ ಕಾಲದ ಗಾಡಿ, ಒಂದು ದಿನಾನೂ ಕೈ ಕೊಟ್ಟಿರಲಿಲ್ಲ. ಈಗ ಸ್ವಲ್ಪ ದೂರ ಓಡತ್ತೆ, ನಿಂತ್ಬಿಡತ್ತೆ. ಟ್ಯಾಂಕಿಗೆ ಏನೋ ಸುರಿದಿದ್ದಾಳೆ."

"ನಾನು ಮುಟ್ಟೇ ಇಲ್ಲಮ್ಮ."

ನನ್ನೆದುರಿಗೇ ಅವಳ ಕೆನ್ನೆಗೆ ಬಿತ್ತು.

"ಕೈ ಇಳಿಸಿ," ಎಂದು ನಾನು ನಡುವೆ ನಿಂತೆ. "ನಾನು ನೋಡ್ತೀನಿ. ಅವಳ ತಪ್ಪಿಲ್ಲ ಅಂತಾದ್ರೆ ಇನ್ಮೇಲೆ ಅವಳ ಮೈ ಮುಟ್ಟಬಾರದು."

"ಆಗ್ಲಿ. ತಪ್ಪಿದ್ರೆ ಇನ್ನೊಂದು ಕೈನೂ ಮುರೀತೀನಿ."

ಒಪ್ಪಿಕೊಂಡನಲ್ಲ, ಅಷ್ಟು ಸಾಕು ಎನಿಸಿತು. ಎಂಜಿನ್ನಿಗೆ ಪೆಟ್ರೋಲ್ ಉಣಿಸುವ ಕಾರ್ಬ್ಯುರೇಟರ್ ಬಿಚ್ಚಿದೆ. ಅದರ ಬಟ್ಟಲಿನ ತಳ ತೊಳೆದಿಟ್ಟ ಹಾಗಿತ್ತು, ಸಕ್ಕರೆಯಿಲ್ಲ, ನೀರಿಲ್ಲ. ಪೆಟ್ರೋಲೂ ಇರಲಿಲ್ಲ.

"ಏನೂ ಸುರಿದಿಲ್ಲ."

"ಸರಿಯಾಗಿ ನೋಡಿ." ಅವನು ಮಗಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡಿದ್ದ. ನಾನು ಒಂದೊಂದು ಭಾಗ ನೋಡಿ "ಸರಿ ಇದೆ" ಎಂದಾಗಲೂ ಒಮ್ಮೆ ಜಗ್ಗುತ್ತಿದ್ದ. ಅವಳು ಕೂಗಲಿಲ್ಲ. ಕೂಗಿದರೆ ನನ್ನ ಕೆಲಸ ಕೆಡುತ್ತದೆ ಎಂದು ಅವಳಿಗೆ ಗೊತ್ತು.

ಪೆಟ್ರೋಲ್ ಪೈಪನ್ನು ಬಾಟಲಿಗಿಟ್ಟು ಸ್ಟಾರ್ಟರ್ ತಿರುಗಿಸಿದೆ. ಎರಡು ಹನಿ ಬಿದ್ದು ನಿಂತಿತು. ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ಸಡಿಲಿಸಿದೆ. ಸುಯ್ಯೆಂದು ಗಾಳಿ ಒಳಗೆ ನುಗ್ಗಿತು. ಮತ್ತೆ ತಿರುಗಿಸಿದರೆ ಪೆಟ್ರೋಲ್ ಚಿಮ್ಮಿ ಬಾಟಲಿ ತುಂಬಿತು.

ಮುಚ್ಚಳ ತಿರುವಿ ನೋಡಿದೆ. "ಇಲ್ಲೊಂದು ಸಣ್ಣ ತೂತಿರತ್ತೆ. ಪೆಟ್ರೋಲ್ ಖಾಲಿಯಾದ ಹಾಗೆ ಗಾಳಿ ಒಳಗೆ ಬರ್ಬೇಕು. ಬರದಿದ್ರೆ ಪಂಪು ಎಷ್ಟು ಎಳೆದ್ರೂ ಅಷ್ಟೇ. ತೂತಿಗೆ ಬೆಸುಗೆ ಹಾಕ್ಸಿದ್ದು ಯಾರು?"

"ಅವರೇ," ಎಂದಳು ಮಗಳು. "ಹೋದ ವಾರ."

ನನಗೆ ಉಸಿರು ಬಂತು. ತಪ್ಪು ಸಿಕ್ಕಿತ್ತು, ಅವಳದಾಗಿರಲಿಲ್ಲ. ಮುಗಿಯಿತು ಎಂದುಕೊಂಡೆ.

"ಯಾಕೆ ಹಾಕ್ಸಿದೆ ಅಂತಾನೂ ಬೊಗಳು!" ಅವನು ಜಡೆ ಹಿಡಿದು ತಿರುಗಿಸಿದ. "ಪೆಟ್ರೋಲ್ ವಾಸನೆ, ವಾಂತಿ ಬರತ್ತೆ ಅಂತ ಮೂಗು ಮುಚ್ಕೊಂಡಿದ್ದು ಯಾರು? ನಿನ್ನ ಮೂಗಿಗೋಸ್ಕರ ನಮ್ಮಪ್ಪನ ಗಾಡಿ ಹಾಳಾಯ್ತು!"

ಅವಳ ಮುಖವನ್ನು ಬಾನೆಟ್ಟಿಗೆ ಬಡಿದ. ತಗಡು ತಗ್ಗಾಯಿತು. ಇನ್ನೊಮ್ಮೆ ಬಡಿಯಲು ಅವಳ ತಲೆ ಎತ್ತಿದ.

ಪಕ್ಕದಲ್ಲಿ ಬಿದ್ದಿದ್ದ ಚಕ್ರದ ಸ್ಪ್ಯಾನರ್ ಎತ್ತಿಕೊಂಡೆ. ಬೀಸಿದೆ. ಅವನ ಮಂಡಿ ಲಟಕ್ಕೆಂದಿತು. ಬಿದ್ದವನು ಅವಳ ಪಾದ ಹಿಡಿದೆಳೆದ. ಆ ಕೈಗೂ ಹೊಡೆದೆ. ಮೂರನೆಯದು ತಲೆಗೇ ಬೀಳುತ್ತಿತ್ತು. ಮಗಳು ನನ್ನ ತೋಳಿಗೆ ಜೋತುಬಿದ್ದಳು.

"ಸಾಕಮ್ಮ. ಜೈಲಿಗೆ ಹೋಗ್ತೀಯಾ, ನಂಗ್ಯಾರು ಆಮೇಲೆ?"

ಸ್ಪ್ಯಾನರ್ ಕೆಳಗಿಟ್ಟೆ.

"ಅತ್ತೆ, ಕಾಲು ಹೋಯ್ತು!" ಅವನು ಎಣ್ಣೆಯ ನೆಲದಲ್ಲಿ ಹೊರಳಿದ. "ಗಾಡಿ ಯಾರು ಓಡಿಸ್ತಾರೆ? ಅವಳನ್ನ ಕಳಿಸಿ."

"ಆಂಬುಲೆನ್ಸ್ ಕರೀತೀನಿ, ನೀನು ಆಸ್ಪತ್ರೆಗೆ ಹೋಗು. ಪೊಲೀಸರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ, ನೀನು ಹೊಡೆದದ್ದೂ, ನಾನು ಹೊಡೆದದ್ದೂ. ಅವಳು ಮನೆಗೆ."

"ಯಾವ ಮನೆಗೆ?"

ಮಗಳು ಮೂಗಿನ ರಕ್ತವನ್ನು ತೋಳಿಗೆ ಒರೆಸಿಕೊಂಡು, ನನ್ನ ಜೇಬಿನಿಂದ ಬೀಗದ ಕೈ ತೆಗೆದುಕೊಂಡು, ಶೆಡ್ಡಿನ ಹಿಂದಿನ ನಮ್ಮ ಮನೆಯ ಬಾಗಿಲು ತೆರೆದು ಒಳಗೆ ಹೋದಳು. ಒಳಗಿನಿಂದ ಚಿಲಕ ಹಾಕಿಕೊಂಡಳು.