ಮದುವೆ ಪತ್ರಕ್ಕೆ ಬಣ್ಣ ಹಚ್ಚಿದ ಬೋರ್ಡಕ್ಕ

ಆ ಪೇಟೆ ಬೀದಿಯಲ್ಲಿ ತಲೆ ಎತ್ತಿ ನಡೆದವರಿಗೆಲ್ಲ ಬೋರ್ಡಕ್ಕ ಗೊತ್ತು. ಔಷಧಿ ಅಂಗಡಿ, ಗಡಿಯಾರ ರಿಪೇರಿ, ಹಲ್ಲಿನ ಡಾಕ್ಟರು, ಟೈರ್ ಅಂಗಡಿ, ಎಲ್ಲದರ ಹಣೆಯ ಮೇಲೂ ಅವಳದೇ ಅಕ್ಷರ. ಕಂಪ್ಯೂಟರಿನಲ್ಲಿ ಅಚ್ಚಾದ ಪ್ಲಾಸ್ಟಿಕ್ ಬೋರ್ಡುಗಳು ಬಂದಮೇಲೆ ಎಷ್ಟೋ ಪೇಂಟರುಗಳು ಬ್ರಷ್ ತೊಳೆದಿಟ್ಟರು. ಅವಳಿಗೆ ಮಾತ್ರ ಕೆಲಸ ತಪ್ಪಲಿಲ್ಲ. ಅಂಗಡಿ ಮುಚ್ಚಿದರೂ ಅಕ್ಕನ ಬೋರ್ಡು ಮಾಸಲ್ಲ ಎಂದು ಜನ ತಮಾಷೆ ಮಾಡುತ್ತಿದ್ದರು.

ಅವಳ ಸಂಗಾತಿ ವಿದ್ಯುತ್ ಕಂಪನಿಯಲ್ಲಿ ಕಂಬ ಹತ್ತುವ ಕೆಲಸದವಳು. ಮದುವೆಯ ದಿನ ಊರಿನ ಕಣ್ಣಿಗೂ ಕಾಗದದ ಕಣ್ಣಿಗೂ ಆಕೆ ಗಂಡಸು, ಲೈನ್‌ಮನ್. ಚಿಕ್ಕಂದಿನಿಂದ ಒಳಗೇ ನುಂಗಿಕೊಂಡಿದ್ದ ಮಾತನ್ನು ಕೆಲವು ವರ್ಷಗಳ ಹಿಂದೆ ಮನೆಯಲ್ಲಿ ಬಾಯಿಬಿಟ್ಟು ಹೇಳಿದಳು: ನಾನು ಹೆಣ್ಣು. ಅಳು ಆಯಿತು, ಜಗಳ ಆಯಿತು, ಬೋರ್ಡಕ್ಕ, ಅವಳ ಅತ್ತೆ ಮತ್ತು ಆಕೆ ಮೂರು ಮೂಲೆಗೆ ಮುಖ ಮಾಡಿ ಕೂತಿದ್ದೂ ಆಯಿತು. ಕೊನೆಗೆ ಈ ಜೀವವನ್ನು ಬಿಟ್ಟು ತನಗೆ ಇರಲಾಗುವುದಿಲ್ಲ ಎಂಬುದು ಬೋರ್ಡಕ್ಕನಿಗೆ ಖಾತ್ರಿಯಾಯಿತು. ಚಿಕಿತ್ಸೆ ನಡೆಯಿತು. ನ್ಯಾಯಾಲಯ ಹೊಸ ಹೆಸರನ್ನು ಒಪ್ಪಿ ಆದೇಶ ಕೊಟ್ಟಿತು, ಗುರುತಿನ ಚೀಟಿಯಲ್ಲೂ ಹೆಣ್ಣು ಎಂದು ಬಂತು. ಲೈನ್‌ಮನ್ನನ್ನು ಇನ್ನು ಏನೆಂದು ಕರೆಯುವುದು ಎಂದು ಬೀದಿಯವರು ತಲೆ ಕೆರೆದುಕೊಂಡಾಗ ಟೈರ್ ಅಂಗಡಿಯವನು ಲೈನಮ್ಮ ಎಂದ. ಅದೇ ನಿಂತಿತು.

ಬೋರ್ಡಕ್ಕನಿಗೆ ಮಾತ್ರ ಆ ಕಷ್ಟವೇ ಇರಲಿಲ್ಲ. ಮದುವೆಯಾದಾಗಿನಿಂದ ಅವಳು ಕರೆಯುತ್ತಿದ್ದದ್ದು ‘ರೀ’ ಎಂದು. ಈಗಲೂ ‘ರೀ’. ಆ ಒಂದಕ್ಷರಕ್ಕೆ ಗಂಡು ಹೆಣ್ಣೆಂಬ ಹಂಗಿಲ್ಲ.

ತೊಂದರೆ ಶುರುವಾದದ್ದು ಬೋರ್ಡಕ್ಕನ ಕಣ್ಣಿನಿಂದ. ಎರಡೂ ಕಣ್ಣಿಗೆ ಪೊರೆ ಬಂದು ಬಣ್ಣಗಳು ಮಂಕಾಗುತ್ತಿದ್ದವು. ಬೇಗ ಆಪರೇಷನ್ ಮಾಡಿಸದಿದ್ದರೆ ಬ್ರಷ್ ಕೆಳಗಿಡುವುದೇ ಸೈ ಎಂದರು ಡಾಕ್ಟರು. ವಿದ್ಯುತ್ ಕಂಪನಿ ಆಗಷ್ಟೇ ಹೊಸ ಆರೋಗ್ಯ ವಿಮೆ ತಂದಿತ್ತು. ಲೈನಮ್ಮ ತನ್ನ ಸಂಗಾತಿಯ ಹೆಸರನ್ನು ಅದರಲ್ಲಿ ಸೇರಿಸಬಹುದಿತ್ತು. ಅದಕ್ಕೆ ಮದುವೆ ನೋಂದಣಿ ಪತ್ರ ಬೇಕು. ಪತ್ರದಲ್ಲಿ ‘ವರ’ ಎಂಬ ಕಡೆ ಹಳೆಯ ಹೆಸರು, ಕಂಪನಿಯ ಕಡತದಲ್ಲಿ ಹೊಸ ಹೆಸರು.

ಬೋರ್ಡಕ್ಕ ಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಹಳೆಯ ಹೆಸರಿಗೂ ಹೊಸ ಹೆಸರಿಗೂ ಮೊದಲೆರಡು ಅಕ್ಷರ ಒಂದೇ, ಬಾಲ ಮಾತ್ರ ಬೇರೆ. ಅಷ್ಟಕ್ಕೆ ಊರೆಲ್ಲ ಅಲೆಯಬೇಕೇ? ಹಳೆಯ ಹೆಸರು ಕೆರೆದು ಹೊಸ ಹೆಸರು ಬರೆಯುವುದು ಅವಳ ಹೊಟ್ಟೆಪಾಡು. ಬ್ಲೇಡಿನ ತುದಿಯಿಂದ ಬಾಲ ಕೆರೆದಳು, ಸಣ್ಣ ಬ್ರಷ್ಷಿನಿಂದ ಶಾಯಿಯಲ್ಲಿ ಹೊಸ ಬಾಲ ಜೋಡಿಸಿದಳು. ಅಚ್ಚಿನ ಅಕ್ಷರಕ್ಕೂ ತನ್ನ ಅಕ್ಷರಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದೆ ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಲಕೋಟೆಗೆ ಹಾಕಿ ಅಂಟಿಸಿ, “ಕಾಗದ ಸರಿಯಾಗಿದೆ ಕಣ್ರೀ, ಕೊಟ್ಟುಬಿಡಿ” ಎಂದಳು. ಗಾಳಿಗೆ ಕಂಬಗಳು ಉರುಳಿದ್ದ ದಿನ ಅದು. ಲೈನಮ್ಮ ತೆರೆದೂ ನೋಡದೆ ಕಂಪನಿಯ ಕಚೇರಿಗೆ ಕೊಟ್ಟು ಕೆಲಸಕ್ಕೆ ಓಡಿದಳು.

ವಾರ ಕಳೆಯುವಷ್ಟರಲ್ಲಿ ಆ ಲಕೋಟೆಯ ಹಿಂದೆಯೇ ಅನಾಹುತ ಬಂತು. ಲೈನಮ್ಮ ಹೆಲ್ಮೆಟ್ಟನ್ನೂ ತೆಗೆಯದೆ ಅಡುಗೆಮನೆಗೆ ಬಂದು ಆ ಪತ್ರದ ಕಪ್ಪುಬಿಳುಪು ನಕಲು ಪ್ರತಿಯನ್ನು ಮೇಜಿನ ಮೇಲಿಟ್ಟಳು. ಅತ್ತೆ ಬಟಾಣಿ ಸುಲಿಯುತ್ತ ಕೂತಿದ್ದರು.

“ಇದನ್ನ ಯಾರು ತಿದ್ದಿದ್ದು?” ಎಂದಳು ಲೈನಮ್ಮ.

ಬೋರ್ಡಕ್ಕ ಕಾಗದದ ಮೇಲೆ ಬಗ್ಗಿದಳು. “ನಾನೇ ರೀ. ಯಾಕೆ, ಗೊತ್ತಾಯ್ತಾ?”

“ಗೊತ್ತಾಗದೆ ಏನು! ತಿದ್ದಿದ ದಾಖಲೆ ಕೊಟ್ಟಿದ್ದೀಯ, ಸೋಮವಾರದೊಳಗೆ ಉತ್ತರ ಕೊಡು, ಇಲ್ಲಾಂದ್ರೆ ವಿಚಾರಣೆ ಅಂದ್ರು ಅಧಿಕಾರಿ. ನನ್ನ ಕೆಲಸ ಹೋದ್ರೆ ವಿಮೆ ಎಲ್ಲಿಂದ, ನಿನ್ನ ಕಣ್ಣು ಎಲ್ಲಿಂದ?”

ಉಪಕಾರ ಮಾಡಲು ಹೋಗಿ ಮನೆಗೇ ಕೊಳ್ಳಿ ಇಟ್ಟೆನಲ್ಲ ಎಂದು ಬೋರ್ಡಕ್ಕನ ಕಣ್ಣಲ್ಲಿ ನೀರು ತುಂಬಿತು. ಅತ್ತೆ ಬಟಾಣಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು.

“ನನಗೆ ಮೊದಲಿಂದಲೂ ಅನುಮಾನ ಇತ್ತು ಕಣೇ. ಮದುವೆ ಆದಾಗ ಒಬ್ಬ ಗಂಡು, ಒಬ್ಬಳು ಹೆಣ್ಣು. ಈಗ ಇಬ್ಬರೂ ಹೆಂಗಸರು. ಈ ಮದುವೆ ಈಗ ಚಲ್ತಿಯಲ್ಲೇ ಇಲ್ವಂತೆ. ವಿಚ್ಛೇದನ ತಗೊಂಡು ಇನ್ನೊಂದ್ಸಲ ಆಗ್ಬೇಕಂತೆ.”

“ಯಾರು ಹೇಳಿದ್ದು ಅತ್ತೆ?”

“ಝೆರಾಕ್ಸ್ ಅಂಗಡಿಯವನು.”

“ಕೋರ್ಟ್ ಕಾಗದ ಝೆರಾಕ್ಸ್ ಮಾಡಿ ಮಾಡಿ ಅವನೇ ಜಡ್ಜ್ ಆಗಿಬಿಟ್ನಾ?” ಅಳುವಿನ ನಡುವೆಯೂ ಬೋರ್ಡಕ್ಕ ರೇಗಿದಳು. ಆದರೆ ಅನುಮಾನದ ಹುಳು ಅವಳ ತಲೆಯನ್ನೂ ಹೊಕ್ಕಿತ್ತು. ಮದುವೆಯೇ ಇಲ್ಲವೆಂದರೆ ತಾನು ಈ ಮನೆಗೆ ಏನಾಗಬೇಕು?

ಮರುದಿನ ಬೆಳಿಗ್ಗೆ ಮೂವರೂ ಉಚಿತ ಕಾನೂನು ನೆರವು ಕೇಂದ್ರಕ್ಕೆ ಹೋದರು. ಆ ಕೇಂದ್ರದ ಬೋರ್ಡೂ ಬೋರ್ಡಕ್ಕನದೇ. ಬರೆಯುವಾಗ ‘ಉಚಿತ’ ಎಂಬ ಪದವನ್ನು ಇನ್ನೂ ದಪ್ಪ ಮಾಡಿ ಅಕ್ಕಾ ಎಂದು ಮೂರು ಸಲ ಬರೆಸಿದ್ದ ವಕೀಲೆ ಇವರನ್ನು ನೋಡಿ ನಗುತ್ತ ಎದ್ದುಬಂದರು. ಕಾಗದ ನೋಡಿದ ಮೇಲೆ ನಗು ನಿಂತಿತು.

“ಅಕ್ಷರ ಬಹಳ ಚೆನ್ನಾಗಿದೆ ಅಕ್ಕಾ. ಅದೇ ತೊಂದರೆ. ಸರ್ಕಾರಿ ದಾಖಲೆಯನ್ನ ನಾವೇ ತಿದ್ದಿದ್ರೆ, ಬರೆದಿದ್ದು ನಿಜವೇ ಆಗಿದ್ರೂ ಅದು ಅಪರಾಧ. ಅದೂ ಅಲ್ದೆ ನೀವು ತಿದ್ದಿದ್ದು ಪ್ರತಿಯನ್ನ. ಅಸಲು ನೋಂದಣಿ ಕಚೇರಿಯ ಪುಸ್ತಕದಲ್ಲಿ ಹಾಗೇ ಕೂತಿದೆ.”

“ಆ ಪುಸ್ತಕನೇ ತಿದ್ದಿಸಿ ಮೇಡಂ,” ಎಂದಳು ಲೈನಮ್ಮ. “ಗುರುತಿನ ಚೀಟಿ ಬದಲಾಯಿಸಿಕೊಟ್ರು. ಇದನ್ನ ಯಾಕೆ ಕೊಡಲ್ಲ?”

“ಗುರುತಿನ ಚೀಟಿ ಇವತ್ತು ನೀವು ಯಾರು ಅಂತ ಹೇಳುತ್ತೆ. ಮದುವೆ ಪುಸ್ತಕ ಆ ದಿನ ಯಾರು ಬಂದ್ರು, ಯಾವ ಹೆಸರಲ್ಲಿ ಸಹಿ ಹಾಕಿದ್ರು ಅಂತ ಹೇಳುತ್ತೆ. ಆ ದಿನವೇ ಗುಮಾಸ್ತ ಕಾಗುಣಿತ ತಪ್ಪಿದ್ರೆ ತಿದ್ದಬಹುದು. ಆಮೇಲೆ ಆದ ಬದಲಾವಣೆಗೆ ಹಳೇ ಸಾಲು ಅಳಿಸಲ್ಲ. ನಮ್ಮಲ್ಲಿ ಸದ್ಯದ ಕಾನೂನು ಇಷ್ಟಕ್ಕೇ ನಿಲ್ಲುತ್ತೆ.”

“ಹಾಗಾದ್ರೆ ನಾನು ಸಾಯೋವರೆಗೂ ಅದರಲ್ಲಿ ವರನೇನಾ?”

“ಇವತ್ತಿನ ಕಾನೂನಲ್ಲಿ, ಹೌದು. ಇದು ಬದಲಾಗ್ಬೇಕು ಅಂತ ಕೇಳ್ತಿರೋರಲ್ಲಿ ನಾನೂ ಒಬ್ಬಳು. ಆದ್ರೆ ಆಗುತ್ತೆ ಬಿಡಿ ಅಂತ ನಿಮಗೆ ಸುಳ್ಳು ಹೇಳಲಾರೆ.”

ಲೈನಮ್ಮ ಮುಖ ತಿರುಗಿಸಿ ಕಿಟಕಿಯಾಚೆ ತಂತಿಗಳನ್ನು ನೋಡುತ್ತ ಕೂತಳು. ಎಂಥ ಗಾಳಿಯಲ್ಲೂ ಕಂಬದ ಮೇಲೆ ನಡುಗದ ಕೈ ಈಗ ಮಡಿಲಲ್ಲಿ ಕರವಸ್ತ್ರ ಹಿಂಡುತ್ತಿತ್ತು. ಬೋರ್ಡಕ್ಕ ಆ ಕೈ ಹಿಡಿದುಕೊಂಡಳು.

ಅತ್ತೆ ವಕೀಲೆಯ ಕಡೆ ಬಗ್ಗಿದರು. “ಅಂದ್ರೆ ಝೆರಾಕ್ಸಿನವನು ಹೇಳಿದ್ದೇ ನಿಜ ಅನ್ನಿ. ಮದುವೆ ಬಿದ್ದುಹೋಯ್ತು.”

“ಅಯ್ಯೋ ಇಲ್ಲಮ್ಮಾ! ದಾಖಲೆ ಬದಲಾಗಲ್ಲ ಅಂದ್ರೆ ಮದುವೆ ಮುರೀತು ಅಂತ ಅಲ್ಲ. ನಮ್ಮ ಕಾನೂನಲ್ಲಿ ಆ ದಿನ ಸರಿಯಾಗಿ ಆದ ಮದುವೆ ತಾನಾಗಿ ರದ್ದಾಗಲ್ಲ. ರದ್ದಾಗ್ಬೇಕಂದ್ರೆ ಕೋರ್ಟೇ ಹೇಳ್ಬೇಕು. ಈಗ ನೀವಾಗೇ ವಿಚ್ಛೇದನ ತಗೊಂಡ್ರಿ ಅಂತಿಟ್ಕೊಳ್ಳಿ. ಆಮೇಲೆ ಇಬ್ಬರು ಹೆಂಗಸರು ಮದುವೆ ಆಗ್ತೀವಿ ಅಂದ್ರೆ ನೋಂದಾಯಿಸ್ಕೊಳ್ಳೋ ಕಾನೂನು ಇನ್ನೂ ಇಲ್ಲಿ ಬಂದಿಲ್ಲ. ಇದ್ದ ಮದುವೆನೂ ಹೋಯ್ತು, ಹೊಸದೂ ಇಲ್ಲ. ಕೈಯಾರೆ ಕಳ್ಕೊಳ್ತೀರಾ?”

ಅತ್ತೆ ಗಲ್ಲಕ್ಕೆ ಕೈ ಹಚ್ಚಿದರು. “ಅವನ ಮಾತು ಕೇಳಿ ಸೊಸೇನ ಕಳ್ಕೊತಿದ್ನಲ್ಲಾ!”

“ಮತ್ತೆ ವಿಮೆಗೆ ಏನು ಮಾಡೋದು ಮೇಡಂ?” ಎಂದಳು ಬೋರ್ಡಕ್ಕ. “ಒಂದು ಕಾಗದದಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು.”

“ಹಳೇ ಸಾಲು ಅಳಿಸಲ್ಲ ಅಂದೆ. ಪಕ್ಕದಲ್ಲಿ ಬರೆಯಲ್ಲ ಅನ್ಲಿಲ್ಲ. ಹೆಸರು ಬದಲಾದ ಕೋರ್ಟ್ ಆದೇಶ ತೋರಿಸಿ ಅರ್ಜಿ ಕೊಟ್ರೆ, ಪುಸ್ತಕದ ಅಂಚಿನಲ್ಲಿ ಟಿಪ್ಪಣಿ ಹಾಕ್ತಾರೆ. ಈ ವ್ಯಕ್ತಿಯ ಈಗಿನ ಹೆಸರು ಇಂಥದ್ದು, ಆದೇಶ ಇಂಥದ್ದು ಅಂತ. ಆ ಟಿಪ್ಪಣಿ ಇರೋ ದೃಢೀಕೃತ ಪ್ರತಿ, ಕೋರ್ಟ್ ಆದೇಶ, ಹೊಸ ಗುರುತಿನ ಚೀಟಿ, ಮೂರನ್ನೂ ಜೊತೆಗೇ ಕೊಡಿ. ಇಬ್ಬರಲ್ಲ, ಒಬ್ಬರೇ ಅಂತ ಗೊತ್ತಾಗುತ್ತೆ.”

ಬೋರ್ಡಕ್ಕ ಹಣೆ ಚಚ್ಚಿಕೊಂಡಳು. “ಹಿಂದಿನ ಹೆಸರು!”

“ಏನೇ ಅದು?” ಎಂದರು ಅತ್ತೆ.

“ಔಷಧಿ ಅಂಗಡಿಯವರು ಹೆಸರು ಬದಲಾಯಿಸಿದ್ರಲ್ಲ ಅತ್ತೆ, ಹಳೇದನ್ನ ಪೂರ್ತಿ ಅಳಿಸಿಬಿಡು ಅಂದ್ರು. ನಾನೇ ಬೇಡ ಅಂದೆ. ಹಳೇ ಚೀಟಿ ಹಿಡ್ಕೊಂಡು ಬರೋರು ಅಂಗಡಿ ಸಿಗದೆ ವಾಪಸ್ ಹೋಗ್ತಾರೆ ಅಂತ ಹೊಸ ಹೆಸರಿನ ಕೆಳಗೆ ಸಣ್ಣದಾಗಿ ‘ಹಿಂದಿನ ಹೆಸರು’ ಅಂತ ಸಾಲು ಹಾಕ್ದೆ. ಊರಿಗೆಲ್ಲ ಆ ಸಾಲು ಬರೆಯೋಳು ನಾನು, ನನ್ನ ಮನೆ ಕಾಗದಕ್ಕೆ ಬ್ಲೇಡ್ ಹಾಕ್ದೆ!”

ವಕೀಲೆ ಜೋರಾಗಿ ನಕ್ಕರು. ಅತ್ತೆ ಲೈನಮ್ಮನ ಕಡೆ ತಿರುಗಿ, “ಅಂಗಡಿ ಅದೇ ತಾನೆ ಮಗಳೇ, ಬೋರ್ಡ್ ಬದಲಾಗಿದ್ದು ಅಷ್ಟೇ,” ಎಂದಾಗ ಲೈನಮ್ಮನಿಗೂ ನಗು ತಡೆಯಲಾಗಲಿಲ್ಲ.

“ಆದ್ರೆ ಮೊದಲು ಮಾಡಿದ ತಪ್ಪು ಒಪ್ಕೊಳ್ಳಿ,” ಎಂದು ವಕೀಲೆ ಎಚ್ಚರಿಸಿದರು. “ಒಂದು ಸುಳ್ಳು ಮುಚ್ಚೋಕೆ ಇನ್ನೊಂದು ಕಾಗದ ತಿದ್ದಬೇಡಿ. ನಾನೂ ಬರ್ತೀನಿ.”

ಸೋಮವಾರ ವಕೀಲೆ ಮತ್ತು ಲೈನಮ್ಮನ ಜೊತೆ ಹೋದ ಬೋರ್ಡಕ್ಕ ಕಂಪನಿಯ ಅಧಿಕಾರಿಯ ಮುಂದೆ ಸುತ್ತುಬಳಸಿನ ಮಾತಾಡಲಿಲ್ಲ. “ತಿದ್ದಿದ್ದು ನಾನು ಸಾರ್. ಇವರಿಗೆ ಗೊತ್ತೇ ಇರ್ಲಿಲ್ಲ. ತಪ್ಪಾಯ್ತು, ಆ ಕಾಗದ ವಾಪಸ್ ತಗೋತೀನಿ.”

ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು. “ಹೆಂಡತಿ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಂಡ್ರೆ ಅಷ್ಟಕ್ಕೇ ನಾನು ಯಾಕೆ ನಂಬಲಿ? ನಮ್ಮ ಕಣ್ಣಿಗೆ ಮಣ್ಣೆರಚೋಕೆ ನೋಡಿದ್ರಿ ಅಲ್ವಾ? ಶಾಯಿನಾದ್ರೂ ಸರಿಯಾದದ್ದು ತಗೋಬಾರ್ದಿತ್ತಾ?”

“ಸರಿಯಾಗೇ ತಗೊಂಡೆನಲ್ಲ ಸಾರ್. ಅಚ್ಚೂ ಕಪ್ಪು, ಶಾಯೀನೂ ಕಪ್ಪು.”

ಅಧಿಕಾರಿ ಒಮ್ಮೆ ಕಾಗದ ನೋಡಿದರು, ಒಮ್ಮೆ ಅವಳ ಮುಖ ನೋಡಿದರು. “ಇನ್ನೊಂದ್ಸಲ ನೋಡಿ ಹೇಳಿ. ಯಾವ ಬಣ್ಣ?”

“ಕಪ್ಪು.”

“ನೀಲಿ ಕಣಮ್ಮಾ. ಈ ದೂರದಿಂದ್ಲೇ ಕಾಣುತ್ತೆ.”

ಬಣ್ಣವನ್ನೇ ನಂಬಿ ಬದುಕಿದವಳಿಗೆ ಬಣ್ಣವೇ ಕೈಕೊಟ್ಟಿತ್ತು. ಬೋರ್ಡಕ್ಕನಿಗೆ ಜೀವನದಲ್ಲಿ ಅಷ್ಟು ಭಯ ಎಂದೂ ಆಗಿರಲಿಲ್ಲ. ತಿದ್ದಿದ್ದು ಇವಳೇ ಎಂದು ನಂಬಿಕೆ ಬಂದು ಅಧಿಕಾರಿ ತಪ್ಪೊಪ್ಪಿಗೆಯನ್ನು ಬರವಣಿಗೆಯಲ್ಲಿ ತೆಗೆದುಕೊಂಡರು. ಲೈನಮ್ಮನ ಮೇಲೆ ವಿಚಾರಣೆ ಬೇಡವೆಂದು ಬರೆದರು, ಇಬ್ಬರಿಗೂ ಕಟ್ಟುನಿಟ್ಟಾಗಿ ಎಚ್ಚರಿಕೆ ಕೊಟ್ಟರು. “ಸರಿಯಾದ ಕಾಗದ ಬೇಗ ತನ್ನಿ. ಈ ಕಣ್ಣು ಕಾಯೋ ಹಾಗಿಲ್ಲ,” ಎಂದರು.

ನೋಂದಣಿ ಕಚೇರಿಯಲ್ಲಿ ಕಿಟಕಿಯ ಹಿಂದಿನ ಗುಮಾಸ್ತ ಅರ್ಜಿಯನ್ನೂ ಲೈನಮ್ಮನನ್ನೂ ನೋಡಿ ಗಲಿಬಿಲಿಗೊಂಡ. “ಇವರು ನಿಮಗೆ ಏನಾಗ್ಬೇಕಮ್ಮಾ?”

“ರೀ ಆಗ್ಬೇಕು,” ಎಂದಳು ಬೋರ್ಡಕ್ಕ.

“ಅಂದ್ರೆ?”

“ಮದುವೆ ದಿನ ಇವರನ್ನ ರೀ ಅಂತಿದ್ದೆ, ಇವತ್ತೂ ಅಂತೀನಿ. ನಿಮ್ಮ ಪುಸ್ತಕದಲ್ಲಿ ನನ್ನ ಪಕ್ಕದಲ್ಲಿ ಸಹಿ ಹಾಕಿರೋದು ಇವರೇ. ಅಷ್ಟನ್ನ ಅಂಚಿನಲ್ಲಿ ಬರ್ಕೊಡಿ ಸ್ವಾಮಿ.”

ಗುಮಾಸ್ತ ನಕ್ಕು ಅರ್ಜಿಗೆ ಮೊಹರು ಒತ್ತಿದ. ಪ್ರತಿ ಕೈಗೆ ಬಂದಾಗ ‘ವರ’ ಎಂಬುದು ಹಾಗೇ ಇತ್ತು. ಹಳೆಯ ಹೆಸರೂ ಇತ್ತು. ಅಂಚಿನಲ್ಲಿ ಹೊಸ ಹೆಸರು, ಅದರ ಕೆಳಗೆ ನೋಂದಣಿ ಅಧಿಕಾರಿಯ ಸಹಿ. ಲೈನಮ್ಮ ಅದನ್ನು ಬಹಳ ಹೊತ್ತು ನೋಡಿದಳು. “ಪೂರ್ತಿ ಸಿಗ್ಲಿಲ್ಲ ಕಣೇ. ಆದ್ರೆ ಇಷ್ಟು ನಮ್ಮದೇ. ಇದನ್ನ ಯಾರೂ ಸುಳ್ಳು ಅನ್ನೋಕಾಗಲ್ಲ,” ಎಂದಳು.

ವಿಮೆಯಲ್ಲಿ ಬೋರ್ಡಕ್ಕನ ಹೆಸರು ಸೇರಿತು. ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಅವಳು ಮೊದಲು ಕೇಳಿ ತರಿಸಿಕೊಂಡದ್ದು ಕಂಪನಿಯಿಂದ ವಾಪಸ್ ಬಂದಿದ್ದ ಆ ತಿದ್ದಿದ ಪತ್ರವನ್ನು. “ಅಯ್ಯೋ, ಎಂಥ ಎದ್ದು ಕಾಣೋ ನೀಲಿ ರೀ ಇದು!” ಎಂದು ನಾಚಿ ಮುಖ ಮುಚ್ಚಿಕೊಂಡಳು.

ಈಗ ಕಾನೂನು ನೆರವು ಕೇಂದ್ರದ ಉದ್ದನೆಯ ಗೋಡೆಯ ಮೇಲೆ ಅವಳದೊಂದು ಹೊಸ ಬರಹವಿದೆ. ಏಣಿ ಹಿಡಿದು ನಿಂತವಳು ಲೈನಮ್ಮ. ಅಕ್ಷರ ಸೊಟ್ಟಗಿದೆಯೇ ಎಂದು ಎದುರು ಬದಿಯಿಂದ ಕೂಗಿ ಹೇಳುತ್ತಿದ್ದವರು ಅತ್ತೆ. ಝೆರಾಕ್ಸ್ ಅಂಗಡಿಗೆ ನೇರ ಕಾಣುವಂತೆಯೇ ಬರೆಸಿದ್ದೂ ಅತ್ತೆಯೇ. ಆ ಕಡೆ ಹೋಗಲಾಗದವರಿಗಾಗಿ ಅದನ್ನು ಇಲ್ಲೇ ಇಳಿಸಿದ್ದೇವೆ:

“ಲಿಂಗ ಬದಲಾವಣೆಯಾದ ಮೇಲೆ ಮದುವೆ ಪತ್ರದಲ್ಲಿ ಹೆಸರು ಹೊಂದುತ್ತಿಲ್ಲವೇ? ಹೆದರಬೇಡಿ. ನೀವಾಗಿ ತಿದ್ದಬೇಡಿ. ಯಾರದೋ ಮಾತು ಕೇಳಿ ಇರುವ ಮದುವೆಯನ್ನು ಮುರಿದುಕೊಳ್ಳಬೇಡಿ. ಕಾನೂನು ಊರಿಂದೂರಿಗೆ, ದೇಶದಿಂದ ದೇಶಕ್ಕೆ ಬೇರೆ. ಏನು ಬದಲಾಗುತ್ತದೆ, ಏನು ಆಗುವುದಿಲ್ಲ, ಅಂಚಿನಲ್ಲಿ ಏನು ಬರೆಸಬಹುದು ಎಂದು ನಿಮ್ಮ ನೋಂದಣಿ ಕಚೇರಿಯಲ್ಲಿ, ಕಾನೂನು ನೆರವಿನವರಲ್ಲಿ ಮೊದಲು ಕೇಳಿ. ಹೆಸರು ಬದಲಾದ ಆದೇಶ, ಗುರುತಿನ ಚೀಟಿ, ಮದುವೆ ಪತ್ರ, ಮೂರನ್ನೂ ಒಟ್ಟಿಗೆ ಜೋಪಾನವಾಗಿಡಿ. ಕೇಳುವುದಕ್ಕೆ ನಾಚಿಕೆ ಬೇಡ.”

ಅದರ ಕೆಳಗೆ, ಬಗ್ಗಿ ನೋಡಿದರೆ ಮಾತ್ರ ಕಾಣುವಷ್ಟು ಸಣ್ಣದಾಗಿ, ಅಚ್ಚ ನೀಲಿ ಬಣ್ಣದಲ್ಲಿ ಇನ್ನೊಂದು ಸಾಲಿದೆ: “ನಾನು ತಿದ್ದಿ ಕೆಟ್ಟೆ, ನೀವು ಕೇಳಿ ಬದುಕಿ. ಇಂತಿ, ಬೋರ್ಡಕ್ಕ ಮತ್ತು ಅವಳ ರೀ.”